ಸ್ವಾಮಿಗಳು ಬಿಟ್ಟ ಸಾಲು

ಕಾವೇರಿ ದಂಡೆಯ ಆಶ್ರಮವೊಂದರಲ್ಲಿ ಇನ್ನಾಸಪ್ಪ ಸ್ವಾಮಿ ಎಂಬ ಗುರುಗಳಿದ್ದರು. ಮೈಮೇಲೆ ಕಾವಿ, ಕೊರಳಲ್ಲಿ ಮರದ ಶಿಲುಬೆ. ಅಷ್ಟೇ ಅವರ ಆಸ್ತಿ.

ಉಗ್ರಾಣ ನೋಡಿಕೊಳ್ಳುತ್ತಿದ್ದವನು ಶಿಷ್ಯ ಚೌರಪ್ಪ. ಇಲ್ಲಿಗೆ ಬರುವ ಮೊದಲು ಅಕ್ಕಿ ಮಂಡಿಯಲ್ಲಿ ಪಳಗಿದವನು. ಆ ವರ್ಷ ಸುಗ್ಗಿಯಲ್ಲಿ ಧಾರಣೆ ಬಿದ್ದಾಗ, ಆಶ್ರಮಕ್ಕೆ ಬಂದ ಕಾಣಿಕೆಯನ್ನೆಲ್ಲ ಅಕ್ಕಿಗೆ ಹಾಕಿದ. ಮೂಟೆಗಳು ತೊಲೆ ಮುಟ್ಟಿದವು. ವ್ಯಾಪಾರವೆಂದು ನೋಡಿದರೆ ತಪ್ಪು ಹೇಳುವಂತಿಲ್ಲ.

“ಇಷ್ಟು ಸಾಕಾಯಿತೇನಪ್ಪ?” ಎಂದರು ಗುರುಗಳು.

“ಇನ್ನೊಂದು ಹತ್ತು ಮೂಟೆ ಇದ್ದಿದ್ದರೆ ನಿಶ್ಚಿಂತೆ, ಸ್ವಾಮಿ.”

“ಆ ಹತ್ತು ಬಂದಮೇಲೆ?”

“ಆಗ ನೋಡೋಣ.”

ಗುರುಗಳು ನಕ್ಕರು.

ಆಷಾಢದಲ್ಲಿ ಹೊಳೆ ಉಕ್ಕಿತು. ಹರಿಗೋಲುಗಳು ದಡ ಹತ್ತಿ ಬೋರಲು ಬಿದ್ದವು. ಗೋಡೆಯಾಚೆ ಹರಿಗೋಲಿನವರ ಗುಡಿಸಲುಗಳಲ್ಲಿ ಒಲೆ ಹೊತ್ತುವುದು ಕಡಿಮೆಯಾಯಿತು.

ಅಲ್ಲಿಂದ ಜ್ಞಾನಮ್ಮ ಎಂಬಾಕೆ ಪಾತ್ರೆ ಹಿಡಿದು ಬಂದಳು. “ಅಯ್ಯಾ, ಮಕ್ಕಳಿಗೆ ಇವತ್ತಿನ ಗಂಜಿಗಾಗುವಷ್ಟು ಅಕ್ಕಿ ಕೊಡಿ.”

“ಎಲ್ಲಿಂದ ಕೊಡಲಮ್ಮ? ಹೊಳೆ ಯಾವಾಗ ಇಳಿಯುತ್ತೋ ಏನೋ. ನಮಗೇ ಸಾಲದು” ಎಂದ ಚೌರಪ್ಪ.

ಅವಳು ಉಗ್ರಾಣದ ಬಾಗಿಲಿನ ಬೀಗ ನೋಡಿದಳು. “ನಿಮ್ಮ ಇಲಿಗಳು ಪುಣ್ಯ ಮಾಡಿದ್ವು ಬಿಡಿ” ಎಂದು ಖಾಲಿ ಪಾತ್ರೆ ಹಿಡಿದು ಹೊರಟುಹೋದಳು.

ಗುರುಗಳು ಜಗಲಿಯ ಮೇಲೆ ಕೂತು ಎಲ್ಲ ನೋಡಿದರು.

ಸಂಜೆ ಗಂಟೆ ಬಾರಿಸಿತು. ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯನ್ನು ಗುರುಗಳು ಶುರುಮಾಡಿದರು, ಶಿಷ್ಯರು ದನಿಗೂಡಿಸಿದರು. ‘ನಮ್ಮ ಅನುದಿನದ ಆಹಾರವನ್ನು ನಮಗೆ ಇಂದು ಕೊಡು’ ಎಂದು ಅಂದಿನ ಅನ್ನ ಬೇಡುವ ಸಾಲು ಬಂತು. ಗುರುಗಳು ಬಾಯಿ ಮುಚ್ಚಿದರು.

ಮುದುಕರು ಮರೆತರು ಅಂದುಕೊಂಡ ಚೌರಪ್ಪ ತಾನೇ ಗಟ್ಟಿಯಾಗಿ ಆ ಸಾಲು ಹೇಳಿದ. ಉಳಿದವರೂ ಹೇಳಿದರು.

“ಸ್ವಾಮಿ, ಇವತ್ತು ಒಂದು ಸಾಲು ತಪ್ಪಿತು” ಎಂದ ಆಮೇಲೆ.

“ತಪ್ಪಲಿಲ್ಲ. ಬಿಟ್ಟೆ.”

“ಯಾಕೆ?”

“ಮನೆ ತುಂಬ ಸರಕು ಇಟ್ಟುಕೊಂಡವನು ಪಕ್ಕದ ಅಂಗಡಿ ಮುಂದೆ ಚೀಲ ಹಿಡಿದು ನಿಂತರೆ ನಿಮ್ಮ ಮಂಡಿಯಲ್ಲಿ ಏನಂತಾರೆ?”

ಚೌರಪ್ಪ ತಲೆ ಕೆರೆದುಕೊಂಡ. “ನಗ್ತಾರೆ.”

“ಹಾಗಾದರೆ ನಾಳೆ ನೀವೂ ಬಿಡಿ. ಆ ಸಾಲು ಮುಗಿಯುವಷ್ಟು ಹೊತ್ತು ಸುಮ್ಮನಿರಿ.”

ಮರುದಿನ ಸಂಜೆ ಗಂಟೆ ಬಾರಿಸಿತು. ಪ್ರಾರ್ಥನೆ ಶುರುವಾಯಿತು. ಆ ಸಾಲಿಗೆ ಬಂದಾಗ ಎಲ್ಲರೂ ಸುಮ್ಮನಾದರು.

ಮೊದಲು ಹೊಳೆಯ ಮೊರೆತ ಕೇಳಿಸಿತು. ಅದರ ಮೇಲೆ, ಗೋಡೆಯಾಚೆಯಿಂದ, ಹೆಂಗಸರು ಮಕ್ಕಳ ದನಿ. ಆಶ್ರಮ ಬಿಟ್ಟ ಸಾಲನ್ನೇ ಗುಡಿಸಲುಗಳು ಹೇಳುತ್ತಿದ್ದವು. ಒಂದಕ್ಷರ ಹಿಂದುಮುಂದಿಲ್ಲ.

ಚೌರಪ್ಪ ಕಿವಿಗೊಟ್ಟ. ಜ್ಞಾನಮ್ಮನ ಗಂಟಲೂ ಅದರಲ್ಲಿತ್ತು. ಅವಳು ಮೂಟೆ ಕೇಳುತ್ತಿರಲಿಲ್ಲ. ಒಂದು ದಿನದ್ದು ಕೇಳುತ್ತಿದ್ದಳು. ಅದೂ ತನಗೊಬ್ಬಳಿಗೆ ಎಂದಲ್ಲ, ನಮಗೆ ಎಂದು. ಆ ‘ನಮಗೆ’ಯಲ್ಲಿ ಉಗ್ರಾಣದವನೂ ಸೇರಿದ್ದ.

ಉಳಿದವರು ಮುಂದಿನ ಸಾಲಿಗೆ ಹೋದರು. ಮೊಣಕಾಲೂರಿದ್ದ ಚೌರಪ್ಪ ಹಾಗೇ ಹಣೆಯನ್ನು ನೆಲಕ್ಕಿಟ್ಟ.

ಎಲ್ಲರೂ ಎದ್ದುಹೋದ ಮೇಲೆ ಮೆಲ್ಲಗೆ ಕೇಳಿದ: “ಸ್ವಾಮಿ, ಅವರು ದಿನಾ ಹೇಳ್ತಾರಾ?”

“ನಮ್ಮ ಗಂಟೆ ಕೇಳಿಯೇ ಶುರುಮಾಡ್ತಾರೆ. ನಮ್ಮ ದನಿಯಲ್ಲಿ ನಮಗೆ ಕೇಳಿಸುತ್ತಿರಲಿಲ್ಲ.”

“ದಿನಾ ಬೇಡಿಕೊಂಡರೂ ದೇವರು ಯಾಕೆ ಕೊಡಲಿಲ್ಲ?”

ಗುರುಗಳು ಅವನ ಸೊಂಟದಲ್ಲಿ ತೂಗುತ್ತಿದ್ದ ಬೀಗದ ಕೈ ನೋಡಿದರು.

“ಸುಗ್ಗಿಯಲ್ಲೇ ಕಳಿಸಿದನಲ್ಲಪ್ಪ. ನೀನೇ ನಿಂತು ಇಳಿಸಿಕೊಂಡೆ.”