ಜೋಳದ ಕಾಳಿನಷ್ಟು ಸಡಿಲ

ಘಟಪ್ರಭೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಕಾಡಯ್ಯಜ್ಜ ಎಂಬ ಗುರುಗಳಿದ್ದರು.

ಕಾವಿ ಉಡುವ ಮೊದಲು ಇಪ್ಪತ್ತು ವರ್ಷ ಗ್ಯಾರೇಜಿನಲ್ಲಿ ಮೇಸ್ತ್ರಿಯಾಗಿದ್ದವರು. ಸದ್ದು ಕೇಳಿಯೇ ಗಾಡಿಯ ರೋಗ ಹೇಳುತ್ತಿದ್ದರು. ಮನುಷ್ಯರ ರೋಗವೂ ತಮಗೆ ಹಾಗೆಯೇ ತಿಳಿಯುತ್ತದೆ ಎಂದು ನಂಬಿಕೊಂಡಿದ್ದರು.

ನಾಲ್ವರು ಶಿಷ್ಯರು. ಒಂದೇ ವರ್ಷದಲ್ಲಿ ಮೂವರು ಬಿಟ್ಟು ಹೋದರು.

"ಸೋಮನಿಂಗ ಸೋಮಾರಿ. ಯಲಗೂರ ಬಾಯಿಬಡಕ. ನಿರ್ವಾಣಿ ಹೊಟ್ಟೆಬಾಕ," ಎಂದರು ಗುರುಗಳು. "ತಮ್ಮ ತಮ್ಮ ತಪ್ಪಿಗೆ ತಾವು ಹೋದ್ರು."

ಉಳಿದವನು ಚನಮಲ್ಲ. ಹನ್ನೆರಡು ವರ್ಷದಿಂದ ಇದ್ದವನು, ಆಶ್ರಮದ ಹಳೆಯ ಕಾರು ಓಡಿಸುವವನು. ಒಂದು ಬೆಳಿಗ್ಗೆ ಅವನೂ ಕೈಚೀಲ ಹಿಡಿದು ಬಂದು ನಿಂತ.

"ನಾನೂ ಹೊಂಟೇನ್ರಿ ಅಜ್ಜಾರ. ಅಪ್ಪಣೆ ಕೊಡ್ರಿ."

"ಯಾಕ?"

"ಉಸಿರು ಕಟ್ಟತೈತ್ರಿ."

ಗುರುಗಳ ಮುಖ ಬಿಗಿಯಿತು. "ಕಾರು ತಗಿ. ಬಸ್ ನಿಲ್ಲೋ ಜಾಗದ ತನಕ ನಾನೂ ಬರ್ತೇನಿ."

ದಾರಿಯಲ್ಲಾದರೂ ಹುಡುಗನ ಮನಸ್ಸು ತಿರುಗೀತು ಎಂಬ ಆಸೆ ಅವರಿಗೆ. ಇರು ಎಂದು ಕೇಳಲು ಮಾತ್ರ ಬಾಯಿ ಬರಲಿಲ್ಲ. ಬೈದು ಬೈದು ಪಳಗಿದ ಬಾಯಿ ಅದು.

ಕಾರು ಮೊದಲಿನಿಂದಲೂ ಏದುಸಿರು ಬಿಡುತ್ತಿತ್ತು. ಸೇತುವೆಯ ಹತ್ತಿರ ಸುಟ್ಟ ವಾಸನೆ ಬಂತು. ಅಲ್ಲಿ ರಸ್ತೆ ಇಳಿಜಾರು. ಚನಮಲ್ಲ ಕಾರು ನಿಲ್ಲಿಸಿ, ಗೇರು ತೆಗೆದು ಬ್ರೇಕಿನಿಂದ ಕಾಲೆತ್ತಿದ. ಕಾರು ಉರುಳಲಿಲ್ಲ.

"ಬ್ರೇಕ್ ಹಿಡಕೊಂಡೈತ್ರಿ."

"ಯಾವ ಗಾಲಿ?"

"ಹಿಂದಿನ ಎಡಗಾಲಿ. ಹೊಗಿ ಅಲ್ಲೇ ಬರಾಕತ್ತೈತಿ."

"ಉಳಿದ ಮೂರು ನೋಡಿದಿ?"

"ಇಲ್ರಿ."

"ಹೊಗಿ ಎದ್ದದ್ದನ್ನ ಎಲ್ಲಾರೂ ನೋಡ್ತಾರ. ನಾಲ್ಕೂ ನೋಡು."

ಚನಮಲ್ಲ ಒಂದೊಂದೇ ಗಾಲಿಯ ಹತ್ತಿರ ಅಂಗೈ ಹಿಡಿದ. ನಾಲ್ಕೂ ಕಾದಿದ್ದವು.

ಅವನು ಹಾಗೆಂದರೂ ನಂಬಿಕೆ ಸಾಲದೆ ಗುರುಗಳು ತಾವೇ ಇಳಿದು ನಾಲ್ಕನೆಯದನ್ನು ಮುಟ್ಟಿದರು. ಚುರ್ ಎಂದಿತು. ಕೈ ಹಿಂದಕ್ಕೆ ಎಳೆದುಕೊಂಡರು.

"ಒಂದು ಕಾದ್ರ ತಪ್ಪು ಗಾಲೀದು. ನಾಲ್ಕೂ ಕಾದ್ರ ಗಾಲಿ ಬಿಚ್ಚಬ್ಯಾಡ. ಮ್ಯಾಲ ನೋಡು, ತುಳಿಯೋ ಕಡೆ."

ಚನಮಲ್ಲ ಕಾರಿನಲ್ಲಿದ್ದ ಕೊಡ ಹಿಡಿದು ಹೊಳೆಯ ಕಡೆ ಹೊರಟ.

"ನೀರು ಹಾಕಬ್ಯಾಡ. ಕಾದದ್ದಕ್ಕ ಒಮ್ಮೆಲೇ ತಂಪು ಮಾಡಾಕ ಹೋದ್ರ ಸೀಳತೈತಿ. ತಾನಾಗೇ ಆರಲಿ. ಪೆಡಲು ಕೈಲೆ ಒತ್ತಿ ನೋಡು. ಎಷ್ಟು ಸಡಿಲ ಐತಿ?"

ಚನಮಲ್ಲ ಬಗ್ಗಿ ಒತ್ತಿದ. "ಏನೂ ಇಲ್ರಿ. ಮುಟ್ಟಿದ ಕೂಡಲೇ ಹಿಡೀತೈತಿ."

"ಮತ್ತ? ಕಾಲೆತ್ತಿದ ಮ್ಯಾಲೆ ಬ್ರೇಕಿನ ಎಣ್ಣಿ ತಿರುಗಿ ಹೋಗಾಕ ದಾರಿ ಬೇಕು. ಪೆಡಲಿನ ರಾಡು ಪೂರಾ ಹಿಂದ ಬರಲಿಲ್ಲಂದ್ರ ಆ ದಾರಿ ಮುಚ್ಚೇ ಇರತೈತಿ. ಎಣ್ಣಿ ಕಾದಷ್ಟೂ ಉಬ್ಬತೈತಿ, ಉಬ್ಬಿದಷ್ಟೂ ಬ್ರೇಕ್ ಹಿಡೀತೈತಿ. ಯಾವ ಹುಚ್ಚ ಇದನ್ನ ಇಷ್ಟು ಬಿಗಿ ಮಾಡಿದಾಂವ?"

"ನಾನ್ರಿ."

"ಯಾಕಲೇ?"

"ಶ್ರಾವಣದಾಗ ಕಾರು ಒಂದು ಗೇಣು ಮುಂದ ಹೋಗಿ ನೀರಿನ ಬಾನಿ ಒಡೀತಲ್ರಿ. ಭಕ್ತರೆಲ್ಲಾ ನಿಂತಿದ್ರು. ಸಡಿಲ ಅಂದ್ರ ಸೋಮಾರಿತನ, ಕೂದಲೆಳಿಯಷ್ಟೂ ಸಡಿಲ ಇರಬಾರದು ಅಂದ್ರಿ. ಅವತ್ತು ರಾಡು ಒಂದೀಟು ತಿರುವಿದೆ. ಆಮ್ಯಾಲೆ ನೀವು ಬೈದಾಗೊಮ್ಮೆ ಒಂದೊಂದೀಟು. ನಿನ್ನೆ ಕಡೀದು."

"ಅದು ನಿನಗ ಹೇಳಿದ ಮಾತು. ಕಾರಿಗಲ್ಲ."

"ಗೊತ್ತೈತ್ರಿ. ನನಗೂ ಮಾಡಿಕೊಂಡೆ, ಕಾರಿಗೂ ಮಾಡಿದೆ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಶ್ರಾವಣದಲ್ಲಿ ಒಡೆದದ್ದು ಬಾನಿ ಒಂದೇ ಅಲ್ಲ ಎಂದು ಗುರುಗಳಿಗೆ ಈಗ ಗೊತ್ತಾಯಿತು. ಗೊತ್ತಾಗಿ ಏನು ಬಂತು?

ಅವರು ಪಾನಾ ತೆಗೆದುಕೊಂಡರು. ಕಾವಿ ಮೇಲೆತ್ತಿ ಕಟ್ಟಿ, ಬಾಗಿಲ ಹತ್ತಿರ ಮಣ್ಣಿನಲ್ಲಿ ಮೊಣಕಾಲೂರಿ, ಪೆಡಲಿನ ಕೆಳಗೆ ತಲೆ ಹಾಕಿದರು. ನಟ್ಟು ಸಡಿಲಿಸಿ ರಾಡನ್ನು ಹಿಂದಕ್ಕೆ ತಿರುವಿದರು.

"ಎಷ್ಟು ಬಿಡೋದ್ರಿ?"

"ಜೋಳದ ಕಾಳಿನಷ್ಟು."

"ಅಷ್ಟ ಸಾಕೇನ್ರಿ?"

"ಸಾಕು."

ಪೆಡಲು ಮೂರು ಸಲ ಒತ್ತಿ ಬಿಟ್ಟರು. ಕಾರು ತಾನಾಗಿ ಇಳಿಜಾರಿನಲ್ಲಿ ಉರುಳಿತು. ಚನಮಲ್ಲ ಓಡಿ ಹ್ಯಾಂಡ್‌ಬ್ರೇಕ್ ಎಳೆದ. ಎಷ್ಟೋ ತಿಂಗಳ ಮೇಲೆ ಅವನು ನಕ್ಕಿದ್ದು ಆಗಲೇ. ಗುರುಗಳು ಅದನ್ನು ನೋಡಿದರು.

ಸೇತುವೆಯ ಆಚೆ ಬಸ್ಸಿನ ಹಾರ್ನ್ ಕೇಳಿಸಿತು.

"ಸರಿ ಆತಲ್ಲ," ಎಂದರು ಗುರುಗಳು, ಬೇರೆಡೆ ನೋಡುತ್ತ. "ತಿರುಗಿ ಹೋಗೂಣು."

"ಕಾರು ಸರಿ ಆತ್ರಿ," ಎಂದ ಚನಮಲ್ಲ.

ಅವನು ಕಾಲು ಮುಟ್ಟಿ ನಮಸ್ಕರಿಸಿದ. ಚಾವಿಯನ್ನು ಅವರ ಕೈಗೆ ಕೊಟ್ಟು ಚೀಲ ಎತ್ತಿಕೊಂಡ. ಕೈ ಮಾಡಿ ಬಸ್ಸು ನಿಲ್ಲಿಸಿದ. ಹತ್ತುವ ಮುಂಚೆ ಒಮ್ಮೆ ತಿರುಗಿದ.

"ಅಜ್ಜಾರ, ಸೋಮನಿಂಗಗ ಸೋಮಾರಿ ಅಂದ್ರಿ. ಯಲಗೂರಗ ಬಾಯಿಬಡಕ ಅಂದ್ರಿ. ನಿರ್ವಾಣಿಗ ಹೊಟ್ಟೆಬಾಕ ಅಂದ್ರಿ. ನಾಳೆ ಯಾರರ ಕೇಳಿದ್ರ, ನಾ ಯಾಕ ಹೋದೆ ಅಂತ ಹೇಳ್ತೀರಿ?"

ಗುರುಗಳು ಚಾವಿ ಹಿಡಿದ ಕೈ ಬಿಚ್ಚಿದರು. ಅಂಗೈಯಲ್ಲಿ ಸುಟ್ಟ ಗುರುತು ಕೆಂಪಗಿತ್ತು.

"ನಾಲ್ಕೂ ಕಾದಿದ್ದವು ಅಂತ ಹೇಳ್ತೇನಪಾ."