ಖಾಲಿ ಬಿಟ್ಟ ಜಾಗ

ಹೊಳೆ ದಂಡೆಯ ಆಶ್ರಮದಲ್ಲಿ ನಿಜಗುಣಯ್ಯ ಎಂಬ ಗುರುಗಳಿದ್ದರು. ಈ ಲೋಕ ಯಾವ ಯಾವ ಮೂಲಧಾತುಗಳಿಂದ ಆಗಿದೆಯೋ ಅವುಗಳ ಪಾಠ ಹೇಳುತ್ತಿದ್ದರು.

ಪುಸ್ತಕವಿಲ್ಲ, ಹಲಗೆಯಿಲ್ಲ. ಒಂದೊಂದು ಧಾತುವಿಗೆ ಒಂದೊಂದು ಹೊಳೆಗಲ್ಲು. ಕಲ್ಲಿನ ಮೇಲೆ ಅದರ ಹೆಸರು, ತೂಕ, ಗುಣ.

ಕಲಿತು ಹೊರಡುವವನು ಅಷ್ಟೂ ಕಲ್ಲುಗಳನ್ನು ಮರಳಿನ ಮೇಲೆ ಜೋಡಿಸಿ ತೋರಿಸಬೇಕು. ತಪ್ಪಿದರೆ ಇನ್ನೊಂದು ವರ್ಷ ಅಲ್ಲೇ.

ಹಾಲೇಶನ ಸರದಿ ಬಂತು. ಹಳ್ಳಿಯ ಹೈದ, ಬಾಯಿ ಜೋರು. ಸೋಮವಾರ ಬಂದು ಶಾಲೆ ತೆರೆಯುತ್ತೇನೆ ಎಂದು ಊರಿಗೆ ಆಗಲೇ ಹೇಳಿ ಕಳಿಸಿದ್ದ.

"ಹೊತ್ತು ಏರೋದರೊಳಗೆ ಮುಗಿಸ್ತೀನಿ ಬುದ್ಧಿ. ನಮ್ಮೂರ ಕಡೆ ಯಾರನ್ನಾದರೂ ಕೇಳಿ, ಹಾಲೇಶ ಕೈ ಇಟ್ಟ ಕೆಲಸ ಕೆಟ್ಟಿದ್ದಿಲ್ಲ."

"ಕೇಳೋಕೆ ಅಷ್ಟು ದೂರ ಯಾರು ಹೋಗ್ತಾರೆ? ಜೋಡಿಸು."

ಹಗುರವಾದದ್ದು ಮೊದಲು, ಭಾರವಾದದ್ದು ಕೊನೆಗೆ. ದಂಡೆಯುದ್ದಕ್ಕೂ ಒಂದೇ ಸಾಲು ಹಾಕಿ, ಕೈ ಕೊಡವಿಕೊಂಡು ನಿಂತ.

ಗುರುಗಳು ಲಿಥಿಯಂ ಕಲ್ಲಿಗೆ ಕೋಲು ತಾಗಿಸಿದರು. "ಇದನ್ನ ನೀರಿಗೆ ಹಾಕಿದರೆ?"

"ಬುಸುಗುಡುತ್ತೆ."

ಅಲ್ಲಿಂದ ಎಂಟನೇ ಕಲ್ಲಿಗೆ ನಿಂತರು. "ಇದು?"

"ಸೋಡಿಯಂ. ಇದೂ ಬುಸುಗುಡುತ್ತೆ."

ಮತ್ತೆ ಹೆಚ್ಚುಕಡಿಮೆ ಅಷ್ಟೇ ದೂರ ನಡೆದರು. ಕೇಳಲಿಲ್ಲ.

"ಪೊಟ್ಯಾಸಿಯಂ," ಎಂದ ಹಾಲೇಶ. "ಇದು ನೀರಲ್ಲೇ ಹೊತ್ತಿಕೊಳ್ಳುತ್ತೆ." ಅವನ ದನಿ ತಗ್ಗಿತು. "ಬುದ್ಧಿ, ನಾನು ನೋಡಿದ್ದು ತೂಕ ಮಾತ್ರ. ಗುಣದ ಕಡೆ ಕಣ್ಣು ಹಾಯಿಸಲೇ ಇಲ್ಲ. ಆದರೂ ಅದೇ ಗುಣ ಸುತ್ತಿ ಸುತ್ತಿ ಬರ್ತಿದೆಯಲ್ಲ!"

"ಬರ್ತಿದೆ. ಹಿಡಿ ಅದನ್ನ."

ಹಾಲೇಶ ಸಾಲನ್ನು ಮುರಿದ. ಲಿಥಿಯಂ ಕೆಳಗೆ ಸೋಡಿಯಂ, ಅದರ ಕೆಳಗೆ ಪೊಟ್ಯಾಸಿಯಂ. ಉಳಿದವು ತಾವಾಗಿಯೇ ಬಂದು ಕೂತಂತಾಯಿತು. ಇಂಗಾಲದ ಕೆಳಗೆ ಸಿಲಿಕಾನ್, ಫ್ಲೋರಿನ್ ಕೆಳಗೆ ಕ್ಲೋರಿನ್. ಬಂಧುಗಳ ಕೆಳಗೆ ಬಂಧುಗಳು.

ಪೊಟ್ಯಾಸಿಯಂ ಸಾಲಿನಲ್ಲಿ ನಡುವೆ ಹತ್ತು ಲೋಹಗಳು ಹೆಚ್ಚಿಗೆ ಬಂದವು. ಅವಕ್ಕೆ ಎಡೆ ಮಾಡಿಕೊಟ್ಟ. ಹತ್ತನೆಯದು ಸತು. ತೂಕದಲ್ಲಿ ಅದರ ಮುಂದಿನದು ಪಾಷಾಣ, ಅಂದರೆ ಆರ್ಸೆನಿಕ್. ಸತುವಿಗೆ ಒತ್ತಾಗಿ ಅದನ್ನಿಟ್ಟು, ಉಳಿದವನ್ನೂ ಹಾಗೇ ಕೂರಿಸಿ, "ಮುಗೀತು ಬುದ್ಧಿ!" ಎಂದ.

ಗುರುಗಳು ಬಗ್ಗಿ ನೋಡಿದರು. "ಪಾಷಾಣದ ತಲೆ ಮೇಲೆ ಯಾರು ಕೂತಿದ್ದಾರೆ?"

"ಅಲ್ಯೂಮಿನಿಯಂ."

"ಅನ್ನ ಬೇಯಿಸೋ ಪಾತ್ರೆ, ಅದರ ಕೆಳಗೆ ಇಲಿ ಪಾಷಾಣ! ಇವರಿಬ್ಬರೂ ನೆಂಟರೇನಯ್ಯಾ?"

ಹಾಲೇಶ ತಲೆ ಕೆರೆದುಕೊಂಡ. "ಅಲ್ಲ ಬುದ್ಧಿ. ಪಾಷಾಣ ರಂಜಕದ ಕುಲ, ಆ ಫಾಸ್ಫರಸ್ಸಿನದು. ಅದರ ಕೆಳಗೆ ಇಟ್ಟರೆ ನಡುವೆ ಎರಡು ಜಾಗ ಖಾಲಿ ಬೀಳುತ್ತೆ. ದಾಸೋಹದಲ್ಲಿ ಮೂರು ವರ್ಷದಿಂದ ಪಂಕ್ತಿ ಕೂರಿಸೋನು ನಾನೇ. ಖಾಲಿ ಎಲೆ ಕಂಡರೆ ಜನರನ್ನ ಸರಿಸಿಯೇ ಅಭ್ಯಾಸ."

"ಇವರು ಉಣ್ಣೋಕೆ ಬಂದವರಲ್ಲ."

ಪಾಷಾಣವನ್ನು ಎರಡು ಜಾಗ ಆಚೆ ಸರಿಸಿದ. ಅದರ ಮುಂದಿನವೂ ಸರಿದವು. ಗಂಧಕದ ಕೆಳಗೆ ಸೆಲೆನಿಯಂ. ಕ್ಲೋರಿನ್ ಕೆಳಗೆ ಬ್ರೋಮಿನ್. ಒಂದೂ ತಪ್ಪಲಿಲ್ಲ.

ಎರಡು ಜಾಗ ಮಾತ್ರ ಬಾಯಿ ತೆರೆದುಕೊಂಡಿದ್ದವು. ಅಲ್ಲಿ ಬರೀ ಮರಳು.

"ಕೆಟ್ಟೆ," ಎಂದ ಹಾಲೇಶ. "ಇನ್ನೊಂದು ವರ್ಷ ಇಲ್ಲೇ. ಊರಿಗೆ ಯಾವ ಮುಖ ತೋರಿಸಲಿ?"

ಗುರುಗಳು ಎರಡನೆಯ ಖಾಲಿ ಜಾಗಕ್ಕೆ ಕೋಲು ನೆಟ್ಟರು. "ಇಲ್ಲಿರೋನ ವಿಷಯ ಹೇಳು."

"ಇಲ್ಲಿ ಯಾರಿದ್ದಾರೆ ಬುದ್ಧಿ?"

"ನೆಂಟರನ್ನ ಕೇಳು."

ಹಾಲೇಶ ಮರಳಿನಲ್ಲಿ ಮಂಡಿಯೂರಿದ. ಮೇಲೆ ಸಿಲಿಕಾನ್, ತೂಕ ಇಪ್ಪತ್ತೆಂಟು. ಕೆಳಗಿನ ಸಾಲಿನಲ್ಲಿ ತವರ, ನೂರ ಹತ್ತೊಂಬತ್ತು. ಪಕ್ಕದಲ್ಲಿ ಪಾಷಾಣ, ಎಪ್ಪತ್ತೈದು.

ಮೇಲಿನದಕ್ಕೂ ಕೆಳಗಿನದಕ್ಕೂ ನಡುವಿನ ತೂಕವನ್ನು ಮರಳಿನ ಮೇಲೆ ಬೆರಳಿನಿಂದ ಲೆಕ್ಕ ಹಾಕಿದ.

"ತೂಕ ಎಪ್ಪತ್ತಮೂರರ ಆಸುಪಾಸು," ಎಂದ ಮೆಲ್ಲಗೆ. "ಸಿಲಿಕಾನಿಗೂ ತವರಕ್ಕೂ ಬೇರೆಯವರನ್ನ ಹಿಡಿಯೋಕೆ ನಾಲ್ಕು ಕೈ. ಇದಕ್ಕೂ ನಾಲ್ಕೇ. ಬಣ್ಣ ಬೂದು. ಹೊಳಪಿರುತ್ತೆ. ಸುತ್ತಿಗೆಯಲ್ಲಿ ಹೊಡೆದರೆ ತವರದ ಹಾಗೆ ಬಗ್ಗಲ್ಲ, ಸಿಲಿಕಾನ್ ಹಾಗೆ ಒಡೆಯುತ್ತೆ."

ಗುರುಗಳು ಸೊಂಟದಿಂದ ಒಂದು ಕಲ್ಲು ತೆಗೆದು ಅವನ ಅಂಗೈಯಲ್ಲಿಟ್ಟರು.

ಜರ್ಮೇನಿಯಂ. ತೂಕ ಎಪ್ಪತ್ತೆರಡೂವರೆ ಮೇಲೆ ಚೂರು. ಕೈ ನಾಲ್ಕು. ಬೂದು, ಹೊಳಪು. ಹೊಡೆದರೆ ಒಡೆಯುವುದು.

ಹಾಲೇಶ ಕಲ್ಲಿನ ಮೇಲಿನ ಬರಹವನ್ನು ಎರಡು ಸಲ ಓದಿದ. ಹೊಳೆಯನ್ನು ನೋಡಿದ, ಆಚೆ ಗುಡ್ಡವನ್ನು ನೋಡಿದ, ತನ್ನ ಅಂಗೈಯನ್ನೇ ನೋಡಿದ. ಎಲ್ಲವೂ ಈ ಸಾಲುಗಳೊಳಗಿನದೇ.

ಗುರುಗಳು ಇನ್ನೊಂದು ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. "ಇದು ಮೊದಲನೇ ಜಾಗದ್ದು. ನೀನು ನೋಡಬೇಡ. ಸೋಮವಾರ ನಿನ್ನ ಮಕ್ಕಳು ಇದರ ಗುಣ ಹೇಳಲಿ, ಆಮೇಲೆ ಬಿಚ್ಚು. ಹೊರಡು."

ಹಾಲೇಶ ಕಾಲಿಗೆರಗಿದ. ಎದ್ದವನಿಗೆ ಹಳೇ ಬಾಯಿ ಮರಳಿತು.

"ಬುದ್ಧಿ, ನೀವು ಜಾಣರು. ಕಲ್ಲು ಸೊಂಟದಲ್ಲೇ ಇತ್ತಲ್ಲ, ಅದಕ್ಕೇ ಅಷ್ಟು ಧೈರ್ಯವಾಗಿ ಕೇಳಿದಿರಿ."

"ಹೌದು ಕಣಯ್ಯಾ," ಎಂದರು ಗುರುಗಳು. "ಈ ಧಾತು ಯಾರಿಗೂ ಸಿಕ್ಕಿರದ ಕಾಲದಲ್ಲಿ ಈ ಜಾಗವನ್ನ ಮೊಟ್ಟಮೊದಲು ಖಾಲಿ ಬಿಟ್ಟನಲ್ಲ, ಅವನ ಸೊಂಟದಲ್ಲಿ ಏನೂ ಇರಲಿಲ್ಲ."