ಅಜ್ಜಾರ ಗಾಡಿ ಕುಕ್ಕತೈತಿ

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಆಶ್ರಮ. ಅಲ್ಲಿ ಬೂದಯ್ಯಜ್ಜ ಎಂಬ ಗುರು, ರಾಚೋಟಿ ಎಂಬ ಶಿಷ್ಯ. ಇಬ್ಬರ ನಡುವೆ ಒಂದು ಕಾರು.

ಕಾರು ಭಕ್ತರೊಬ್ಬರ ಕಾಣಿಕೆ. ಉದ್ದನೆಯ, ಬೆಲೆಬಾಳುವ ಗಾಡಿ. ಅದರ ಸಸ್ಪೆನ್ಷನ್ ಪೂರ್ತಿ ಕಂಪ್ಯೂಟರಿನ ಕೈಯಲ್ಲಿ. ಗಾಡಿಯ ಮೇಲೆ ಭಾರ ಎಷ್ಟಿದೆ, ರಸ್ತೆ ಹೇಗಿದೆ ಎಂದು ತಾನೇ ಅಳೆದುಕೊಂಡು ತಾನೇ ಮೆತ್ತಗಾಗುತ್ತಿತ್ತು, ತಾನೇ ಬಿಗಿಯಾಗುತ್ತಿತ್ತು. ಬಂದ ದಿನ ಅಜ್ಜಾರು ಹಿಂದಿನ ಸೀಟಿನಲ್ಲಿ ಕೂತು ಕಾಲುವೆ ಸೇತುವೆಯವರೆಗೆ ಹೋಗಿ ಬಂದು, "ತೊಟ್ಟಿಲಾಗ ಕುಂತಂಗಾತು" ಎಂದಿದ್ದರು.

ಈಗ ಅದೇ ಗಾಡಿ ಎತ್ತಿನ ಬಂಡಿಗಿಂತ ಕಡೆಯಾಗಿ, ಅಜ್ಜಾರನ್ನು ಎತ್ತೆತ್ತಿ ಕುಕ್ಕುತ್ತಿತ್ತು.

ರಾಚೋಟಿ ಆಟೊಮೊಬೈಲ್ ಡಿಪ್ಲೊಮಾ ಓದಿದವನು. ಶೋರೂಮಿನಲ್ಲಿ ಕೆಲಸ ಮಾಡಿ, ಇನ್ನು ಸಾಕು ಎಂದು ಎಲ್ಲ ಬಿಟ್ಟು ಅಜ್ಜಾರ ಪಾದ ಹಿಡಿದವನು. ಬಿಟ್ಟು ಬಂದ ಸ್ಪ್ಯಾನರ್ ಇಲ್ಲಿ ಮತ್ತೆ ಕೈಗೆ ಬಂದಿತ್ತು.

ಅವನಿಗೆ ಗುರುವೆಂದರೆ ಪ್ರಾಣ. ಹೋದ ವರ್ಷ ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕಾಲು ಜಾರಿ ಕೂತುಬಿಟ್ಟಿದ್ದರು. ಏನೂ ಆಗಿರಲಿಲ್ಲ. ಆದರೆ ಅಂದಿನಿಂದ ಅವರು ಎದ್ದು ನಿಂತರೆ ಸಾಕು, ರಾಚೋಟಿ ಓಡಿ ಬಂದು ರಟ್ಟೆ ಹಿಡಿಯುತ್ತಿದ್ದ. ಎಂಥ ಹಿಡಿತ! ಬೆರಳಿನ ಗುರುತು ಸಂಜೆಯವರೆಗೂ ಹೋಗುತ್ತಿರಲಿಲ್ಲ. ಅಜ್ಜಾರನ್ನು ಮುಟ್ಟಲು ಬಂದ ಭಕ್ತರನ್ನು ಗದರುವುದು, ಮೆಟ್ಟಿಲ ಮೇಲೆ ನೀರು ಚೆಲ್ಲಿದವರ ಮೇಲೆ ಹರಿಹಾಯುವುದು, ಇದೆಲ್ಲ ಅವನ ಲೆಕ್ಕದಲ್ಲಿ ಸೇವೆಯೇ.

ಗಾಡಿ ಕುಕ್ಕುವುದನ್ನು ಹೇಗೋ ಸಹಿಸಿಕೊಂಡು ಹೋಗಬಹುದಿತ್ತು. ಪಾರವ್ವ ಬೀಳದೇ ಇದ್ದಿದ್ದರೆ.

ಪಾರವ್ವ ಆಶ್ರಮದ ಅಡುಗೆಯಾಕೆ. ಅವಳ ಕೈಯ ರೊಟ್ಟಿ ತಿಂದೇ ಅಲ್ಲಿಯವರೆಲ್ಲ ದೊಡ್ಡವರಾದದ್ದು, ಅಜ್ಜಾರು ಮುದುಕರಾದದ್ದು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದು, ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಆಪರೇಷನ್ ಆಗಿತ್ತು. ಸೋಮವಾರ ಬಿಡುತ್ತೇವೆ ಎಂದ ಡಾಕ್ಟರು ಒಂದು ಮಾತು ಸೇರಿಸಿದ್ದರು: ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋಗಿ, ಆದರೆ ಗಾಡಿ ಕುಕ್ಕಬಾರದು. ಕುಕ್ಕುವ ಗಾಡಿಯಾದರೆ ಹುಬ್ಬಳ್ಳಿಯಲ್ಲೇ ಮೊಮ್ಮಗಳ ಮನೆಯಲ್ಲಿ ಇರಲಿ, ಎಲುಬು ಕೂಡಿದ ಮೇಲೆ ನೋಡೋಣ.

ಪಾರವ್ವ ಫೋನಿನಲ್ಲಿ ಅತ್ತಿದ್ದಳು.

"ತಮ್ಮಾ ರಾಚೋಟಿ, ಹೊಳಿ ಸಪ್ಪಳ ಇಲ್ಲದ ನನಗ ನಿದ್ದಿ ಬರೂದಿಲ್ಲೋ. ಇಲ್ಲಿಗೆ ಬಂದಾಗಿಂದ ಒಂದ್ ರಾತ್ರಿ ಕಣ್ಣ ಮುಚ್ಚಿಲ್ಲ. ಇನ್ನೊಬ್ಬರ ಮನ್ಯಾಗ ನನ್ನ ಒಗದು ಹೋಗಬ್ಯಾಡ್ರೋ."

"ಕರಕೊಂಡ ಬರ್ತೇನ ಯವ್ವಾ" ಎಂದು ರಾಚೋಟಿ ಮಾತು ಕೊಟ್ಟುಬಿಟ್ಟಿದ್ದ.

ಅವತ್ತಿನಿಂದ ಅವನಿಗೆ ಊಟ ರುಚಿಸಲಿಲ್ಲ.

ಮೊದಲು ಟೈರಿನ ಗಾಳಿ ನೋಡಿದ. ಹೆಚ್ಚಿದ್ದದ್ದನ್ನು ಸರಿ ಮಾಡಿ, ಅಜ್ಜಾರನ್ನು ಹಿಂದೆ ಕೂರಿಸಿ ಸೇತುವೆಯವರೆಗೆ ಹೋಗಿ ಬಂದ.

"ಹೆಂಗೈತ್ರಿ ಅಜ್ಜಾರ?"

"ಕುಕ್ಕತೈತಿ."

ಗಾಡಿಯ ಗುಂಡಿಗಳನ್ನೆಲ್ಲ ಒತ್ತಿ, ಎಲ್ಲಕ್ಕಿಂತ ಮೆತ್ತನೆಯ ಮೋಡ್‌ಗೆ ಹಾಕಿದ. ಮತ್ತೆ ಸೇತುವೆಯವರೆಗೆ ಹೋಗಿ ಬಂದ.

"ಈಗರಿ?"

"ಕುಕ್ಕತೈತಿ."

ರಾಚೋಟಿಗೆ ತಲೆ ಚಚ್ಚಿಕೊಳ್ಳುವಂತಾಯಿತು.

"ಅಜ್ಜಾರ, ಬರೇ ಕುಕ್ಕತೈತಿ ಅಂದ್ರ ನಾ ಏನ್ ತಿಳಕೊಳ್ಳಿ? ಮುಂದ ಕುಕ್ಕತೈತೋ, ಹಿಂದ ಕುಕ್ಕತೈತೋ? ಎಡಕೋ, ಬಲಕೋ? ತಗ್ಗಿನ್ಯಾಗೋ, ಸಪಾಟ ರಸ್ತಾದಾಗೋ? ಬಿಡಿಸಿ ಹೇಳ್ರಿ."

ಅಜ್ಜಾರು ಸ್ವಲ್ಪ ಹೊತ್ತು ಯೋಚಿಸಿದರು.

"ಕುಂತಲ್ಲಿ ಕುಕ್ಕತೈತಿ" ಎಂದರು.

ಇಂಥ ಗುರುವನ್ನು ಕಟ್ಟಿಕೊಂಡು ಯಾವ ಮೆಕ್ಯಾನಿಕ್ ಬದುಕಿಯಾನು! ರಾಚೋಟಿ ಹಲ್ಲು ಕಚ್ಚಿಕೊಂಡು ಗಾಡಿಯ ಕೆಳಗೆ ತೂರಿದ. ಶಾಕ್ ಅಬ್ಸಾರ್ಬರುಗಳನ್ನು ಒಂದೊಂದಾಗಿ ತಟ್ಟಿ ನೋಡಿದ, ಬೋಲ್ಟುಗಳನ್ನು ತಿರುವಿ ನೋಡಿದ. ಎಣ್ಣೆ ಸೋರಿರಲಿಲ್ಲ, ಏನೂ ಸಡಿಲವಾಗಿರಲಿಲ್ಲ. ಕೊನೆಗೆ ಪಟ್ಟಣದಿಂದ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ ಹಳೆಯ ಗೆಳೆಯನನ್ನು ಕರೆಸಿದ. ಗೆಳೆಯ ಗಾಡಿಗೆ ವಾಯರ್ ಚುಚ್ಚಿ, ಪರದೆ ನೋಡಿ, ಚಹಾ ಕುಡಿದು ಹೋದ.

ರಾಚೋಟಿ ಗೆದ್ದವನ ಹಾಗೆ ಅಜ್ಜಾರ ಮುಂದೆ ನಿಂತ.

"ಕಂಪ್ಯೂಟರ್ ಹೇಳೇತ್ರಿ. ಯಾವ ದೋಷಾನೂ ಇಲ್ಲ."

"ಯಾರಿಗೆ?" ಎಂದರು ಅಜ್ಜಾರು.

"ಯಾರಿಗೆ ಅಂದ್ರ? ಗಾಡಿಗೆ!"

"ಗಾಡಿ ಆರಾಮ ಐತಿ ಬಿಡು ಹಂಗಾರ. ನಾ ಪಾರವ್ವನ ಚಿಂತಿ ಮಾಡಾಕತ್ತಿದ್ದೆ."

ಭಾನುವಾರ ಬೆಳಗಾಯಿತು. ಮರುದಿನ ಹುಬ್ಬಳ್ಳಿಗೆ ಹೊರಡಬೇಕು. ರಾಚೋಟಿ ಬ್ಯಾಟರಿ ತೆಗೆದು ಮತ್ತೆ ಹಾಕಿ, ಗಾಡಿಗೆ ಹೊಸ ಜನ್ಮ ಕೊಟ್ಟವನಂತೆ ಒಂದು ಕೊನೆಯ ಸುತ್ತು ಹೊಡೆದ. ಹಿಂದೆ ಅಜ್ಜಾರು. ಬಾಗಿಲು ತೆರೆಯುವ ಮೊದಲೇ ಒಳಗಿನಿಂದ ಮಾತು ಬಂತು.

"ಕುಕ್ಕತೈತಿ."

ಅಷ್ಟೇ. ರಾಚೋಟಿಯ ತಾಳ್ಮೆ ಹರಿಯಿತು.

"ರಸ್ತಾನ ಸರಿ ಇಲ್ರಿ! ನಾ ಮುಂದ ಕುಂತು ಹೊಡಿತೇನಲ್ಲ, ನನಗೇನೂ ಅನಸಂಗಿಲ್ಲ. ಗಾಡಿ ನೆಟ್ಟಗೈತಿ. ಕಂಪ್ಯೂಟರ್ ಹೇಳೇತಿ, ನಾನೂ ಹೇಳೇನಿ. ದೋಷ ಇದ್ರ ನಿಮ್ಮ ಬೆನ್ನಾಗ ಐತಿ!"

ಅಂದವನೇ ನಾಲಿಗೆ ಕಚ್ಚಿಕೊಂಡ.

ಅಜ್ಜಾರು ಸಿಟ್ಟಾಗಲಿಲ್ಲ. ಗಾಡಿಯಿಂದ ಇಳಿದು ಕೈ ಚಾಚಿದರು.

"ಕೀಲಿ ಕೊಡು."

"ಯಾಕ್ರಿ?"

"ನಾ ಹೊಡಿತೇನು. ನೀ ಹಿಂದ ಮಕ್ಕೋ. ಪಾರವ್ವ ಮಕ್ಕೊಳ್ಳೂವಲ್ಲಿ."

"ಅಜ್ಜಾರ! ನೀವು ಗಾಡಿ ಹೊಡದು ಯಾವ ಕಾಲಾತ್ರಿ!"

"ಟ್ರ್ಯಾಕ್ಟರ್ ಹೊಡದೇನಲ್ಲೋ. ಇದಕ್ಕೂ ನಾಲ್ಕ ಗಾಲಿ ಅದಾವ. ಮಕ್ಕೋ ಅಂದ್ರ ಮಕ್ಕೋ."

ಗುರುವಿನ ಮಾತು ಮೀರುವಂತಿಲ್ಲ. ರಾಚೋಟಿ ಹಿಂದಿನ ಸೀಟಿನ ಮೇಲೆ ಉದ್ದಕ್ಕೆ ಮಲಗಿ, ಕಣ್ಣು ಮುಚ್ಚಿ, ಶಿವನ ಹೆಸರು ಹೇಳತೊಡಗಿದ. ಗಾಡಿ ಹೊರಟಿತು.

ಆಶ್ರಮದ ಗೇಟು ದಾಟುವಷ್ಟರಲ್ಲೇ ಅವನ ಬೆನ್ನಿಗೆ ಯಾರೋ ಒನಕೆಯಿಂದ ತಿವಿದಂತಾಯಿತು. ಕಾಲುವೆಯ ಏರಿಯ ಮೇಲೆ ಹಲ್ಲಿಗೆ ಹಲ್ಲು ಬಡಿಯಿತು. ಸೇತುವೆಯ ಉಬ್ಬಿಗೆ ಅವನು ಸೀಟಿನಿಂದ ಎದ್ದು, ಬಾಗಿಲಿಗೆ ತಲೆ ಗುದ್ದಿಸಿಕೊಂಡು ಬಿದ್ದ.

"ಅಯ್ಯಯ್ಯೋ, ನಿಲ್ಲಸ್ರಿ ಅಜ್ಜಾರ!"

ಗಾಡಿ ನಿಂತಿತು. ಅಜ್ಜಾರು ಹಿಂದಕ್ಕೆ ತಿರುಗಿದರು.

"ಏನಾತೋ?"

"ಕುಕ್ಕತೈತ್ರಿ!"

"ಮುಂದೋ, ಹಿಂದೋ? ಎಡಕೋ, ಬಲಕೋ? ತಗ್ಗಿನ್ಯಾಗೋ, ಸಪಾಟ ರಸ್ತಾದಾಗೋ? ಬಿಡಿಸಿ ಹೇಳು."

"ಕುಕ್ಕತೈತಿ ಅಂದ್ರ ಕುಕ್ಕತೈತ್ರಿ!" ಎಂದು ಕೂಗಿದ ರಾಚೋಟಿ. ಕೂಗಿ, ತಲೆ ಸವರಿಕೊಳ್ಳುತ್ತ ಎದ್ದು ಕೂತ. ಇಷ್ಟು ದಿನ ಅಜ್ಜಾರು ಇಲ್ಲಿ ಕೂತು ಇದನ್ನೇ ಹೇಳುತ್ತಿದ್ದರು. ತಾನು ಒಂದು ಸಲವೂ ಹಿಂದೆ ಕೂತು ನೋಡಿರಲಿಲ್ಲ. ಪಾರವ್ವನನ್ನು ಇಲ್ಲಿ ಮಲಗಿಸಿದ್ದರೆ ಏನಾಗುತ್ತಿತ್ತು?

"ಇನ್ನೊಂದ್ ಸಲ ಹೊಡೀರಿ. ಮೆಲ್ಲಕ" ಎಂದ.

ಈ ಸಲ ಅವನು ಕಿವಿ ಸೀಟಿಗೆ ಒತ್ತಿ ಮಲಗಿದ. ಪ್ರತಿ ಏಟೂ ಬಲಗಡೆಯ ಹಿಂದಿನ ಚಕ್ರದಿಂದ ಮೊದಲು ಬರುತ್ತಿತ್ತು. ಚಕ್ರ ಮೇಲೆ ಕೆಳಗೆ ಆಡುತ್ತಲೇ ಇರಲಿಲ್ಲ, ಕಲ್ಲಿನ ಕಂಬದ ಹಾಗೆ ಸೆಟೆದು ನಿಂತಿತ್ತು.

ಗಾಡಿ ನಿಲ್ಲಿಸಲು ಹೇಳಿ, ಇಳಿದು, ಕೆನ್ನೆಯನ್ನು ನೆಲಕ್ಕೆ ಹಚ್ಚಿ ಚಕ್ರದ ಹಿಂದೆ ಇಣುಕಿದ.

ಅಲ್ಲಿ ಬೆರಳಿನ ಗಾತ್ರದ ಒಂದು ಕಡ್ಡಿ. ಗಾಡಿಯ ಹಿಂಭಾಗ ಎಷ್ಟು ತಗ್ಗಿದೆ, ಅಂದರೆ ಎಷ್ಟು ಭಾರ ಬಿದ್ದಿದೆ ಎಂದು ಕಂಪ್ಯೂಟರಿಗೆ ಹೇಳುವ ಸೆನ್ಸಾರಿನ ಕಡ್ಡಿ ಅದು. ಚಕ್ರದ ಜೊತೆಗೆ ಸಲೀಸಾಗಿ ಆಡಬೇಕು. ಅದು ಆಡುವಂತೆಯೇ ಇರಲಿಲ್ಲ. ದೃಷ್ಟಿ ತಾಗದಿರಲೆಂದು ಕಟ್ಟುವ ಕರಿದಾರ ಅದರ ಸುತ್ತ ಸುತ್ತಿಕೊಂಡು, ಅದನ್ನು ಪಕ್ಕದ ಕಬ್ಬಿಣಕ್ಕೆ ಎಳೆದು ಬಿಗಿದಿತ್ತು. ದಾರದ ಮೇಲೆ ದಾರ, ಗಂಟಿನ ಮೇಲೆ ಗಂಟು. ನಡುವೆ ಒಣಗಿದ ನಿಂಬೆಹಣ್ಣಿನ ಸಿಪ್ಪೆ.

ರಾಚೋಟಿ ನೆಲದ ಮೇಲೆ ಕೂತುಬಿಟ್ಟ.

"ಏನೈತೋ?" ಎಂದರು ಅಜ್ಜಾರು.

"ದಾರ ಐತ್ರಿ. ದೃಷ್ಟಿ ದಾರ."

"ಯಾರ ಕಟ್ಟ್ಯಾರ?"

ರಾಚೋಟಿ ಕೈ ಚಾಚಿ ಒಣಗಿದ ನಿಂಬೆಸಿಪ್ಪೆಯನ್ನು ಕಿತ್ತುಕೊಂಡ.

"ನಾನ್ರಿ" ಎಂದ.

ಪ್ರತಿ ಅಮಾವಾಸ್ಯೆಗೆ ಅವನು ಗಾಡಿಯ ಪೂಜೆ ಮಾಡುತ್ತಿದ್ದ. ಸ್ನಾನ ಮಾಡಿ, ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಯಾರ ಕಣ್ಣಿಗೂ ಬೀಳದ ಜಾಗ ಎಂದು ಅಲ್ಲಿ ಕರಿದಾರ ಕಟ್ಟುತ್ತಿದ್ದ. ಆ ಕಡ್ಡಿ ದಾರ ಕಟ್ಟಲೆಂದೇ ಇಟ್ಟ ಹಾಗೆ ಕೈಗೆ ಸಿಗುತ್ತಿತ್ತು. ಪೂಜೆಗೆ ಬಗ್ಗಿದಾಗ ಅವನಿಗೆ ಸೆನ್ಸಾರ್ ಕಾಣಲಿಲ್ಲ, ರಿಪೇರಿಗೆ ಬಗ್ಗಿದಾಗ ದಾರ ದೇವರದ್ದು ಎಂದು ಕೈ ಸರಿಸಿಕೊಂಡಿದ್ದ. ಸೆನ್ಸಾರ್ ಕೆಟ್ಟಿರಲಿಲ್ಲವಾದ್ದರಿಂದ ಲ್ಯಾಪ್‌ಟಾಪಿಗೂ ದೋಷ ಸಿಕ್ಕಿರಲಿಲ್ಲ.

"ಯಾಕ ಕಟ್ಟಿದಿ?"

"ನಿಮಗ ಏನೂ ಆಗಬಾರದಂತ್ರಿ."

"ಕುಕ್ಕಾಕ ಹತ್ತಿದ ಮ್ಯಾಲರೇ ಬಿಡಬೇಕಿತ್ತಲ್ಲೋ?"

"ಕುಕ್ಕಾಕ ಹತ್ತಿದ ಮ್ಯಾಲೆ, ಯಾರದೋ ದೃಷ್ಟಿ ತಾಗೇತಿ ಅಂತ..." ರಾಚೋಟಿಯ ದನಿ ಇಳಿಯಿತು. "ಇನ್ನಷ್ಟು ಬಿಗಿ ಕಟ್ಟೇನ್ರಿ."

ಅಜ್ಜಾರು ಹಣೆ ಹಣೆ ಬಡಿದುಕೊಂಡರು.

"ಡಿಪ್ಲೊಮಾ ಓದೀಯಲ್ಲೋ ಮಾರಾಯಾ!"

ಬಗ್ಗಿ ತಾವೂ ಚಕ್ರದ ಹಿಂದೆ ಇಣುಕಿದರು.

"ಅಲ್ಲೋ, ದಾರ ಕಟ್ಟಿದ್ರ ಗಾಡಿಗೆ ಏನ್ ತಿಳೀತು?" ಎಂದು ಅಜ್ಜಾರು ಕೇಳಿದರು.

"ಹಿಂದ ಭಾಳ ಭಾರ ಐತಿ ಅಂತ ತಿಳೀತ್ರಿ. ಭಾರ ಇದ್ರ ಬಿಗಿ ಆಗೂದು ಅದರ ಧರ್ಮ."

"ಹಿಂದ ಇದ್ದಾಂವ ನಾನೊಬ್ಬನ."

"ಹೌದ್ರಿ. ಇಲ್ಲದ ಭಾರಕ್ಕ ಬಿಗದಕೊಂಡು ಕುಂತಿತ್ತು."

ಅಜ್ಜಾರು ಹೂಂಗುಟ್ಟಿದರು. ರಾಚೋಟಿ ಡಿಕ್ಕಿಯಿಂದ ಚಾಕು ತಂದ.

"ಕೊಯ್ಯಬ್ಯಾಡ" ಎಂದರು ಅಜ್ಜಾರು. "ಬಿಚ್ಚು."

"ಅಜ್ಜಾರ, ಗಂಟು ಕಲ್ಲಾಗ್ಯಾವ್ರಿ! ಸಂಜಿ ಆಗತೈತಿ!"

"ಚಾಕು ಜಾರಿ ವಾಯರ್ ಕೊಯ್ದ್ರ ನಾಳೆ ಪಾರವ್ವಗ ಏನ್ ಹೇಳ್ತಿ? ಕಟ್ಟಿದಾಂವ ನೀ. ಬಿಚ್ಚು."

ಬಿಚ್ಚಿದ. ಬಿಸಿಲಿನಲ್ಲಿ ಬೆನ್ನ ಮೇಲೆ ಮಲಗಿ, ಉಗುರು ಮುರಿದುಕೊಂಡು, ಗೊಣಗಿಕೊಂಡು ಬಿಚ್ಚಿದ. ಒಂದೊಂದು ಅಮಾವಾಸ್ಯೆಯ ಗಂಟು ಅದರ ಹಿಂದಿನದಕ್ಕಿಂತ ಬಿಗಿಯಾಗಿತ್ತು. ಇದನ್ನೆಲ್ಲ ಕಟ್ಟಿದ ಕೈ ತನ್ನದೇ ಎಂದು ನೆನಪಾದಾಗಲೆಲ್ಲ ಬೈಗುಳ ಗಂಟಲಲ್ಲೇ ನಿಲ್ಲುತ್ತಿತ್ತು. ಕೊನೆಯ ದಾರ ಕೈಗೆ ಬಂದಾಗ ಕಡ್ಡಿ ಟಕ್ಕೆಂದು ತನ್ನ ಜಾಗಕ್ಕೆ ಹೋಯಿತು. ಗಾಡಿ ಶುರು ಮಾಡಿದ ಕೂಡಲೇ ಅದರ ಹಿಂಭಾಗ ನಿಟ್ಟುಸಿರು ಬಿಟ್ಟಂತೆ ಮೆತ್ತಗೆ ಇಳಿಯಿತು.

ಮರುದಿನ ಹುಬ್ಬಳ್ಳಿಯಲ್ಲಿ ಪಾರವ್ವನನ್ನು ಸ್ಟ್ರೆಚರಿನಿಂದ ಹಿಂದಿನ ಸೀಟಿಗೆ ಸರಿಸಿದರು. ಹೆದರಿಕೆಯಿಂದ ಅವಳು ಸೀಟಿನ ಅಂಚು ಹಿಡಿದುಕೊಂಡಳು.

"ಮೆಲ್ಲಕ ಹೊಡಿಯೋ ತಮ್ಮಾ."

"ಹೂಂ ಯವ್ವಾ."

ಅಜ್ಜಾರು ಮುಂದೆ ಕೂತಿದ್ದರು. ಊರು ದಾಟುವಾಗ ರಾಚೋಟಿ ಹಿಂದಿನಿಂದ ನರಳಾಟವೇನಾದರೂ ಕೇಳಿತೇ ಎಂದು ಕಿವಿಗೊಟ್ಟ. ಕೇಳಲಿಲ್ಲ. ಕಾಲುವೆಯ ಏರಿ ಹತ್ತಿದಾಗ ಕೇಳಲಿಲ್ಲ. ಸೇತುವೆಯ ಉಬ್ಬು ದಾಟಿದಾಗಲೂ ಕೇಳಲಿಲ್ಲ. ಈಗ ಅವನಿಗೆ ಬೇರೆಯೇ ಹೆದರಿಕೆ ಹತ್ತಿತು. ಗಾಡಿ ನಿಲ್ಲಿಸಿ ತಿರುಗಿ ನೋಡಿದ.

ಪಾರವ್ವ ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದಳು. ಸೀಟಿನ ಅಂಚು ಹಿಡಿದಿದ್ದ ಕೈ ಸಡಿಲಾಗಿ ಕೆಳಗೆ ಬಿದ್ದಿತ್ತು.

ಆಶ್ರಮದ ಅಂಗಳದಲ್ಲಿ ಎಂಜಿನ್ ನಿಲ್ಲಿಸಿದ ಮೇಲೆ ಹೊಳೆಯ ಸಪ್ಪಳ ಒಳಗೆ ಬಂತು. ಪಾರವ್ವ ಕಣ್ಣು ಬಿಟ್ಟಳು.

"ಯಾಕ ಸುಮ್ಮನ ಕುಂತೀರಿ? ಇನ್ನೂ ಹೊಂಟಿಲ್ಲೇನು?"

ರಾಚೋಟಿ ಸ್ಟೀರಿಂಗಿಗೆ ಹಣೆ ಒತ್ತಿ ಅತ್ತುಬಿಟ್ಟ. ನಗುತ್ತಿದ್ದನೋ ಅಳುತ್ತಿದ್ದನೋ ಅವನಿಗೇ ತಿಳಿಯಲಿಲ್ಲ.

ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆದ ಸದ್ದಾಯಿತು. ಅಜ್ಜಾರು ಇಳಿಯುತ್ತಿದ್ದರು. ರಾಚೋಟಿ ಕಣ್ಣೊರೆಸಿಕೊಳ್ಳುವುದನ್ನೂ ಮರೆತು, ಗಾಡಿ ಸುತ್ತಿ ಓಡಿ ಬಂದು, ಅವರ ರಟ್ಟೆಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದ.

ಅಜ್ಜಾರು ಆ ಕೈಗಳನ್ನು ನೋಡಿದರು.

"ರಾಚೋಟಿ, ಇಲ್ಲೊಂದು ಗಂಟು ಉಳದೈತಿ ನೋಡು."